ಹಿಟ್ಟು ಹುದುಗಿತು, ಕಾರು ಕಾಣಲಿಲ್ಲ

ಕಾಲು ಮೈಲಿ ಅಂದರೆ 1320 ಅಡಿ. ಅಮೆರಿಕದವರ ಡ್ರ್ಯಾಗ್ ರೇಸಿಗೆ ಬೇಕಾದದ್ದು ಇಷ್ಟೇ: 1320 ಅಡಿ ನೆಟ್ಟಗಿನ ರಸ್ತೆ, ಎರಡು ಕಾರು, ಇಬ್ಬರು ಅವಸರದ ಮನುಷ್ಯರು. ತಿರುವಿಲ್ಲ, ಸುತ್ತಿಲ್ಲ, ಮಧ್ಯೆ ಪೆಟ್ರೋಲ್ ಹಾಕಿಸುವ ಗೋಜಿಲ್ಲ. ದೀಪ ಹಸಿರಾದ ಮೇಲೆ ಹೊರಡಬೇಕು, ಮೊದಲು ಮುಟ್ಟಿದವನು ಗೆದ್ದ. ಇದನ್ನೇ 64ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದರೆ ರಸ್ತೆ 20 ಅಡಿ ಏಳೂವರೆ ಅಂಗುಲಕ್ಕೆ ಬರುತ್ತದೆ. ಡೆಟ್ರಾಯಿಟ್ ಪಕ್ಕದ ನೋವೈ ಎಂಬ ಊರಿನಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನ ಉದ್ದ 28 ಅಡಿ. ಉಳಿದ ಏಳು ಅಡಿಯೊಳಗೆ ಕಾರು ನಿಲ್ಲಬೇಕು. ನಿಲ್ಲದಿದ್ದರೆ ಅಲ್ಲಿ ವಾಟರ್ ಹೀಟರ್ ಇದೆ.

ನನಗೆ ಬರುವ ಲೆಕ್ಕ ಇಲ್ಲಿಗೆ ಮುಗಿಯಿತು.

ಈ ಹುಚ್ಚು ಹತ್ತಿಸಿದವರು ಪಕ್ಕದ ಮನೆಯ ಯಜಮಾನರು. ಕಾರು ಕಂಪನಿಯಲ್ಲಿ ದುಡಿದು ನಿವೃತ್ತರಾದವರು. ಅರವತ್ತರ ದಶಕದಲ್ಲಿ ವುಡ್‌ವರ್ಡ್ ಅವೆನ್ಯೂ ಮೇಲೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ಪಾಂಟಿಯಾಕ್ ಜಿಟಿಓ ಹಾರಿಸಿ ಒಮ್ಮೆಯೂ ಪೊಲೀಸರ ಕೈಗೆ ಸಿಗಲಿಲ್ಲ ಎಂಬುದು ಅವರದೇ ಹೇಳಿಕೆ. ಅವರ ಹೆಂಡತಿಯ ಹೇಳಿಕೆ ಬೇರೆ ಇದೆ. ಗ್ಯಾರೇಜ್ ಖಾಲಿ ಮಾಡುವಾಗ ಅವರು ಒಂದು ರಟ್ಟಿನ ಡಬ್ಬವನ್ನು ನನ್ನ ಕೈಗಿತ್ತರು. ಒಳಗೆ ಅರೋರಾ ಕಂಪನಿಯ ಸ್ಲಾಟ್ ಕಾರುಗಳು, ಕಪ್ಪು ಪ್ಲಾಸ್ಟಿಕ್ಕಿನ ರಸ್ತೆ ತುಂಡುಗಳು. ಅರೋರಾದವರು ಅಮೆರಿಕದ ಹುಡುಗರ ಮುಂದೆ ಈ ಆಟ ತಂದದ್ದು 1960ರಲ್ಲಿ. ಥಂಡರ್‌ಜೆಟ್ ಎಂಬ ಕಾರು ಬಂದದ್ದು 1963ರಲ್ಲಿ. ರಸ್ತೆಯ ನಡುವೆ ಒಂದು ಸೀಳು, ಸೀಳಿನ ಎರಡು ಪಕ್ಕ ಲೋಹದ ಪಟ್ಟಿ. ಕಾರಿನ ಹೊಟ್ಟೆಯ ಕೆಳಗಿನ ಪಿನ್ನು ಸೀಳಿನಲ್ಲಿ ಕೂರುತ್ತದೆ, ಕರೆಂಟು ಪಟ್ಟಿಯಿಂದ ಸಿಗುತ್ತದೆ. ಕೈಯಲ್ಲಿರುವ ಕಂಟ್ರೋಲರನ್ನು ಹೆಬ್ಬೆರಳಿನಿಂದ ಒತ್ತಿದಷ್ಟೂ ವೇಗ. ಸ್ಟಿಯರಿಂಗ್ ಇಲ್ಲ. ಬದುಕಿನಲ್ಲಿ ನನಗೆ ಹೇಳಿ ಮಾಡಿಸಿದ ವಾಹನ ಅದೊಂದೇ ಅಂತ ಹೆಂಡತಿ ಹೇಳಿದಳು.

ಯಜಮಾನರು ಮೋಟರಿನ ತಂತಿ ತಾವೇ ಮರುಸುತ್ತಿದ್ದರು. ಇಪ್ಪತ್ತು ಅಡಿ ಚಿಲ್ಲರೆ ದೂರವನ್ನು ಅವರ ಕಾರು ಒಂದೂವರೆ ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತಿತ್ತು. ನನ್ನದೂ ಅಷ್ಟೇ ಅಂತ ನಾನು. ಅಲ್ಲ ಅಂತ ಅವರು. ಕಣ್ಣಳತೆಯ ತೀರ್ಪು ಪ್ರತಿ ಸಲವೂ ಜಗಳಕ್ಕೆ ತಿರುಗಿ, ಕೊನೆಗೆ ನನ್ನ ಬಾಯಿಂದ ಆ ಮಾತು ಬಂತು: "ಕಂಪ್ಯೂಟರ್ ಹಾಕಿಬಿಡೋಣ. ನಾನಿದ್ದೀನಲ್ಲ."

ನಾನು ಸಾಫ್ಟ್‌ವೇರಿನವನು ಹೌದು, ಆದರೆ ಸಂಬಳ ಬಟವಾಡೆಯ ಸಾಫ್ಟ್‌ವೇರಿನವನು. ತಿಂಗಳ ಕೊನೆಯ ತಾರೀಖಿನೊಳಗೆ ಹಣ ಖಾತೆಗೆ ಬಿದ್ದರೆ ನನ್ನ ಮಟ್ಟಿಗೆ ಅದು ಅತಿವೇಗ. ಸೆಕೆಂಡಿನ ಸಾವಿರದ ಒಂದು ಭಾಗವನ್ನು ನಾನು ವೃತ್ತಿಯಲ್ಲಿ ಕಂಡವನೇ ಅಲ್ಲ. ಇದನ್ನು ಹೆಂಡತಿ ನೆನಪಿಸಿದಳು. "ಎಲ್ಲಾ ಸಾಫ್ಟ್‌ವೇರೂ ಒಂದೇ ಕಣೇ" ಅಂದೆ.

ಮೊದಲ ಉಪಾಯ ಮೌಸ್. ಮೌಸಿನ ಗುಂಡಿ ಒಂದು ಸ್ವಿಚ್ಚು ತಾನೇ? ಹಳೆಯ ಮೌಸ್ ಬಿಚ್ಚಿ, ಎಡಗುಂಡಿಯ ಕಾಲುಗಳಿಗೆ ಎಡ ಲೇನಿನ ತಂತಿ, ಬಲಗುಂಡಿಗೆ ಬಲ ಲೇನಿನ ತಂತಿ ಸೋಲ್ಡರ್ ಮಾಡಿದೆ. ತಂತಿಯ ಆ ತುದಿಗೆ, ಗೆರೆ ಮುಟ್ಟುವ ಜಾಗದಲ್ಲಿ ರಸ್ತೆಯ ಅಡಿಗೆ ರೀಡ್ ಸ್ವಿಚ್. ಗಾಜಿನ ಕೊಳವೆಯೊಳಗೆ ಎರಡು ಲೋಹದ ನಾಲಿಗೆಗಳಿರುತ್ತವೆ. ಮೇಲೆ ಅಯಸ್ಕಾಂತ ಹಾದರೆ ಅವು ಒಂದಕ್ಕೊಂದು ಅಂಟುತ್ತವೆ. ಕಾರಿನ ಮೋಟರಿನಲ್ಲಿ ಅಯಸ್ಕಾಂತ ಇದ್ದೇ ಇರುತ್ತದೆ. ಕಾರು ಗೆರೆ ದಾಟಿದರೆ ಕಂಪ್ಯೂಟರಿಗೆ ಒಂದು ಕ್ಲಿಕ್. ಚೆಂದದ ಯೋಜನೆ. ಈಗಲೂ ಚೆಂದವೇ. ಅದನ್ನು ಆಫೀಸಿನ ಲ್ಯಾಪ್‌ಟಾಪಿಗೆ ಸಿಕ್ಕಿಸಬಾರದಿತ್ತು.

ಶುಕ್ರವಾರ ಸಂಜೆ ನನ್ನ ಕೈಕೆಳಗಿನವರ ರಜೆ ಅರ್ಜಿಗಳ ಪುಟ ತೆರೆದಿಟ್ಟು, ನೋಡಲು ಬೇಸರವಾಗಿ, ಬೇಸ್‌ಮೆಂಟಿಗೆ ಇಳಿದಿದ್ದೆ. ಬಾಣದ ಗುರುತು 'ಅಪ್ರೂವ್' ಗುಂಡಿಯ ಮೇಲೆ ನಿಂತಿತ್ತು. ಆ ಪುಟದ ಗುಣವೆಂದರೆ ಒಂದು ಅರ್ಜಿ ಮಂಜೂರಾದ ಕೂಡಲೇ ಮುಂದಿನದು ಅದೇ ಜಾಗಕ್ಕೆ ಬಂದು ಕೂರುತ್ತದೆ. ರೀಡ್ ಸ್ವಿಚ್ಚಿನ ಗುಣವೆಂದರೆ ಅದರ ನಾಲಿಗೆ ಒಮ್ಮೆ ಅಂಟಿ ಸುಮ್ಮನಿರದೆ ನಾಲ್ಕಾರು ಸಲ ಅದುರುತ್ತದೆ, ಅದುರಿದಷ್ಟೂ ಕ್ಲಿಕ್ಕು. ಎಡ ಲೇನಿನ ಕಾರು ಆ ಸಂಜೆ ಒಳ್ಳೆಯ ಲಯದಲ್ಲಿತ್ತು. ಸೋಮವಾರ ಆಫೀಸಿಗೆ ಹೋದರೆ ನಮ್ಮ ಸಾಲಿನ ಕುರ್ಚಿಗಳೆಲ್ಲ ಖಾಲಿ. ಥ್ಯಾಂಕ್ಸ್‌ಗಿವಿಂಗ್ ಹಿಂದಿನ ವಾರ ಯಾರಿಗೂ ರಜೆ ಇಲ್ಲ ಎಂದು ಆದೇಶ ಹೊರಡಿಸಿದ್ದವನೂ ನಾನೇ. ಆ ವರ್ಷ ನನ್ನಷ್ಟು ಜನಪ್ರಿಯ ಮ್ಯಾನೇಜರ್ ನಮ್ಮ ಮಹಡಿಯಲ್ಲಿ ಇರಲಿಲ್ಲ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ "ಮಾನವೀಯ" ಅಂತ ಯಾರೋ ಬರೆದಿದ್ದರು.

ಮನೆಯ ಲ್ಯಾಪ್‌ಟಾಪಿಗೆ ಬದಲಾಯಿಸಿದ ಮೇಲೆ ಇನ್ನೊಂದು ವಿಚಿತ್ರ ಕಂಡಿತು. ಯಾವ ಕಾರು ಓಡಿಸಿದರೂ ಸಮಯ 1.484, ಇಲ್ಲವೇ 1.500, ಇಲ್ಲವೇ 1.516. ನಡುವಿನ ಸಂಖ್ಯೆಗಳು ಬರುವುದೇ ಇಲ್ಲ. ಕಾರಣ ಹುಡುಕಿದೆ. ವಿಂಡೋಸಿನ ಮಾಮೂಲಿ ಗಡಿಯಾರ ಸೆಕೆಂಡಿಗೆ 64 ಸಲ ಮಾತ್ರ ಮುಂದಕ್ಕೆ ಹೆಜ್ಜೆ ಇಡುತ್ತದೆ. ಹೆಜ್ಜೆ ಹೆಜ್ಜೆಯ ನಡುವೆ 15.6 ಮಿಲಿಸೆಕೆಂಡ್ ಅದಕ್ಕೆ ಲೋಕದ ಪರಿವೆ ಇರುವುದಿಲ್ಲ. ಗೆರೆಯ ಹತ್ತಿರ ನಮ್ಮ ಕಾರಿನ ವೇಗ ಸೆಕೆಂಡಿಗೆ ಸುಮಾರು 16 ಅಡಿ. ಅಂದರೆ ಗಡಿಯಾರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಾರು ಮೂರು ಅಂಗುಲ ಹೋಗಿರುತ್ತದೆ, ಮತ್ತು ಇಡೀ ಕಾರಿನ ಉದ್ದವೇ ಮೂರು ಅಂಗುಲ. ಕಾರೂ 64ರಲ್ಲಿ ಒಂದು, ಸಮಯವೂ 64ರಲ್ಲಿ ಒಂದು. ಎಲ್ಲವೂ ಅಳತೆಗೆ ಸರಿಯಾಗಿದೆಯಲ್ಲ ಎಂದು ನಾನು ಸಮರ್ಥಿಸಿಕೊಳ್ಳುತ್ತಿದ್ದ ಹೊತ್ತಿಗೆ ಊರಿನಿಂದ ಮಾವನವರು ಬಂದಿಳಿದರು.

ಮಾವನವರು ಚನ್ನಗಿರಿ ಕಡೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಸೀಟಿ ಊದಿ, ಕ್ಲ್ಯಾಪರ್ ಹೊಡೆದು, ಸ್ಟಾಪ್‌ವಾಚ್ ಒತ್ತಿ ಜೀವ ಸವೆಸಿದವರು. ಆರು ತಿಂಗಳ ವೀಸಾದಲ್ಲಿ ಜೊತೆಗೆ ಬಂದ ಅತ್ತೆಯವರು ಚಟ್ನಿಪುಡಿ, ಮೆಣಸಿನಕಾಯಿ, ಸಂಡಿಗೆ ತಂದಿದ್ದರು. ಇವರು ಸೀಟಿ ಮತ್ತು ಸ್ಟಾಪ್‌ವಾಚ್ ತಂದಿದ್ದರು. ಯಾಕೆ ಅಂತ ಯಾರೂ ಕೇಳಲಿಲ್ಲ.

ಬೇಸ್‌ಮೆಂಟಿಗೆ ಇಳಿದು, ಕೈ ಹಿಂದೆ ಕಟ್ಟಿ, ರಸ್ತೆಯನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆದು ನೋಡಿದರು.

"ಅಳಿಯಂದ್ರೇ, ಇದು ಒಂದ್ಸಲ ಓಡೋಕೆ ಎಷ್ಟು ಹೊತ್ತು?"

"ಒಂದೂವರೆ ಸೆಕೆಂಡು ಮಾವ."

"ನೀವು ಎಷ್ಟು ದಿನದಿಂದ ಇದರ ಹಿಂದೆ ಬಿದ್ದಿದ್ದೀರಿ?"

ನಾನು ಸೋಲ್ಡರಿಂಗ್ ಐರನ್ನಿನ ತುದಿ ಒರೆಸತೊಡಗಿದೆ.

"ಇರಲಿ. ಕಂಪ್ಯೂಟರ್ ಯಾಕೆ? ಮೂರು ಜನ ಟೈಮ್‌ಕೀಪರ್ ನಿಲ್ಲಿಸಿದ್ರೆ ಮುಗೀತು."

ನಿಲ್ಲಿಸಿಯೂ ಬಿಟ್ಟರು. ಅವರು ಸ್ಟಾಪ್‌ವಾಚಿನೊಂದಿಗೆ, ಅತ್ತೆಯವರು ಮತ್ತು ನನ್ನ ಮಗಳು ಒಂದೊಂದು ಫೋನಿನೊಂದಿಗೆ, ಗೆರೆಯ ನೇರಕ್ಕೆ ಒಬ್ಬರ ಹಿಂದೊಬ್ಬರು. ನಿಯಮ ಪಾಠವಾಯಿತು: ಕ್ಲ್ಯಾಪರಿನ ಸದ್ದು ಕೇಳಿ ಒತ್ತಬಾರದು, ಹಲಗೆಗಳು ಕೂಡುವುದನ್ನು ಕಣ್ಣಲ್ಲಿ ನೋಡಿ ಒತ್ತಬೇಕು. ಮೂರು ವಾಚು ಮೂರು ಸಮಯ ಹೇಳಿದರೆ ನಡುವಿನದು ಅಧಿಕೃತ. ಕೈಯಲ್ಲಿ ತೆಗೆದ ಸಮಯವನ್ನು ಮೇಲಿನ ದಶಾಂಶಕ್ಕೆ ಏರಿಸಿ ಬರೆಯಬೇಕು. ಮೊದಲ ಓಟಕ್ಕೆ ಮಾವನವರದು 1.43, ಮಗಳದು 1.71. ಅತ್ತೆಯವರದು ನಾಲ್ಕು ನಿಮಿಷ, ಏಕೆಂದರೆ ಅವರು ನಿಲ್ಲಿಸುವ ಗುಂಡಿ ಒತ್ತುವ ಮೊದಲೇ ಊರಿನಿಂದ ತಂಗಿಯ ಫೋನ್ ಬಂತು. ನಡುವಿನದು 1.71, ಏರಿಸಿದರೆ 1.8. ಆಮೇಲೆ ಓಡಿದ ಕಾರುಗಳೆಲ್ಲ 1.5, 1.6, ಮತ್ತೆ 1.5. ನೂರು ಮೀಟರ್ ಓಟದಲ್ಲಿ ಕೈ ಸಮಯಕ್ಕೂ ವಿದ್ಯುತ್ ಸಮಯಕ್ಕೂ 0.24 ಸೆಕೆಂಡ್ ವ್ಯತ್ಯಾಸ ಹಿಡಿಯುವ ರೂಢಿ ಅಥ್ಲೆಟಿಕ್ಸ್‌ನಲ್ಲೇ ಇದೆ ಎಂದು ಅವರೇ ಹೇಳಿದರು. ಒಂದೂವರೆ ಸೆಕೆಂಡಿನ ಓಟದಲ್ಲಿ ಕಾಲು ಸೆಕೆಂಡ್ ತಪ್ಪು! ನನ್ನ ವಿಂಡೋಸ್ ಗಡಿಯಾರ ಇದರ ಮುಂದೆ ಸತ್ಯಹರಿಶ್ಚಂದ್ರ.

ಯಜಮಾನರು ಇದನ್ನೆಲ್ಲ ಕೇಳಿ ತಮ್ಮ ಗ್ಯಾರೇಜಿನ ಮೂಲೆಯಿಂದ ಹಳೆಯ ಕಂಪ್ಯೂಟರ್ ಹೊತ್ತು ತಂದರು. ವಿಂಡೋಸ್ 98. ಹಿಂಬದಿಯಲ್ಲಿ 25 ರಂಧ್ರಗಳ ಪ್ರಿಂಟರ್ ಪೋರ್ಟು. ಮನೆಯಲ್ಲಿ ಸ್ಲಾಟ್ ಕಾರು ಓಡಿಸುವ ಹಳಬರು ಈ ಪೋರ್ಟಿನ ಮೇಲೆ ಪ್ರಾಣ ಇಟ್ಟುಕೊಂಡಿದ್ದಾರೆ. ಪ್ರಿಂಟರು ಕಂಪ್ಯೂಟರಿಗೆ "ಕಾಗದ ಮುಗಿಯಿತು", "ಕೈ ಖಾಲಿ ಇಲ್ಲ" ಅಂತ ತಿಳಿಸಲು ಅದರಲ್ಲಿ ಐದು ತಂತಿಗಳಿವೆ. ಅವುಗಳಿಗೆ ಸೆನ್ಸರ್ ಜೋಡಿಸಿದರೆ ಪ್ರೋಗ್ರಾಮು ನಡುವೆ ಯಾರನ್ನೂ ಕೇಳದೆ ನೇರವಾಗಿ ಓದಬಹುದು. ಹೊಸ ವಿಂಡೋಸುಗಳು ಹಾಗೆ ಕೈ ಹಾಕಲು ಬಿಡುವುದಿಲ್ಲ. ಯುಎಸ್‌ಬಿಯಿಂದ ಪ್ರಿಂಟರಿಗೆ ಹೋಗುವ ಕೇಬಲ್ಲೂ ಇದಕ್ಕೆ ಆಗದು. ಇದನ್ನು ನಾನು ಕೇಬಲ್ ಕೊಂಡ ಮೇಲೆ ಓದಿದೆ.

ಡಾಸ್‌ಗೆ ಇಳಿದೆ. ಡಾಸಿನ ಗಡಿಯಾರ ಸೆಕೆಂಡಿಗೆ 18.2 ಸಲ ಮಾತ್ರ ಬಡಿಯುತ್ತದೆ, ಅಂದರೆ ವಿಂಡೋಸಿಗಿಂತಲೂ ಮಂದ. ಆದರೆ ಅದರ ಕೆಳಗೆ ಸೆಕೆಂಡಿಗೆ ಸುಮಾರು 11 ಲಕ್ಷ 93 ಸಾವಿರ ಸಲ ಎಣಿಸುವ ಚಿಪ್ಪೊಂದು ಕೂತಿದೆ. ಅದನ್ನೇ ನೇರವಾಗಿ ಮಾತಾಡಿಸಲು ಕಲಿತೆ. ಆಗ ಮಗಳು ಮೆಟ್ಟಿಲ ಮೇಲಿಂದ, "ಅಪ್ಪಾ, ಇದಕ್ಕೆ ಆರ್ಡುಯಿನೋ ಸಾಕು. ಚಿಕ್ಕ ಬೋರ್ಡು. ನಮ್ಮ ರೋಬೋಟಿಕ್ಸ್ ಕ್ಲಬ್‌ನಲ್ಲಿ ಆರನೇ ಕ್ಲಾಸಿನವರು ಒಂದು ಮಧ್ಯಾಹ್ನದಲ್ಲಿ ಮಾಡ್ತಾರೆ" ಅಂದಳು. ಮಾವನವರು ಪಕ್ಕದಲ್ಲೇ ಇದ್ದರು. ಅಂಥ ಸಂದರ್ಭದಲ್ಲಿ ಅಳಿಯನಾದವನು ಕೊಡಬಹುದಾದ ಉತ್ತರ ಒಂದೇ. "ಹೋಗಿ ಹೋಂವರ್ಕ್ ಮಾಡು."

ರೀಡ್ ಸ್ವಿಚ್ಚಿಗೆ ವಿದಾಯ ಹೇಳಿ ಫೋಟೋ ಟ್ರಾನ್ಸಿಸ್ಟರ್ ತಂದೆ. ಹೆಸರುಕಾಳಿನಷ್ಟು ದಪ್ಪ, ಎರಡು ಕಾಲು. ಮೇಲಿನಿಂದ ಬೆಳಕು ಬಿದ್ದಿರುವಷ್ಟು ಹೊತ್ತು ಕರೆಂಟ್ ಹರಿಸುತ್ತದೆ, ಕಾರಿನ ನೆರಳು ಬಿದ್ದರೆ ನಿಲ್ಲಿಸುತ್ತದೆ. ರಸ್ತೆಗೆ ಸಣ್ಣ ಬೈರಿಗೆಯಿಂದ ತೂತು ಕೊರೆದು, ಹೊರಡುವ ಗೆರೆಯಲ್ಲಿ ಎರಡು, ಮುಟ್ಟುವ ಗೆರೆಯಲ್ಲಿ ಎರಡು, ಮೇಲ್ಮೈಗಿಂತ ಕೂದಲೆಳೆ ಕೆಳಗೆ ಕೂರಿಸಿದೆ. ಕೊನೆಯ ತೂತು ಕೊರೆಯುವಾಗ ಬೈರಿಗೆ ಸ್ವಲ್ಪ ಜಾರಿತು. ಯಾರೂ ನೋಡಲಿಲ್ಲ.

ಪರೀಕ್ಷೆ. ಬಲ ಲೇನು ಚಿನ್ನ. ಎಡ ಲೇನಿನಲ್ಲಿ ಕಾರು ಇಲ್ಲದಾಗ "ಕಾರು ಬಂದಿದೆ" ಅನ್ನುತ್ತದೆ, ಕಾರು ಬಂದಾಗ "ಹೋಯಿತು" ಅನ್ನುತ್ತದೆ. ತಂತಿ ಬಿಚ್ಚಿ ಕಟ್ಟಿದೆ, ಟ್ರಾನ್ಸಿಸ್ಟರ್ ಬದಲಾಯಿಸಿದೆ, ಪ್ರೋಗ್ರಾಮು ಮೊದಲಿನಿಂದ ಬರೆದೆ, ಎಡಭಾಗಕ್ಕೆ ವಾಸ್ತು ದೋಷ ಇರಬಹುದೇ ಅಂತ ಅತ್ತೆಯವರು ಕೇಳಿದಾಗ ಒಂದು ಕ್ಷಣ ದಿಕ್ಕನ್ನೂ ನೋಡಿದೆ. ವಿಷಯ ಇಷ್ಟೇ. 11ನೇ ಪಿನ್ನು, ಪ್ರಿಂಟರು "ಕೈ ಖಾಲಿ ಇಲ್ಲ" ಅನ್ನಲು ಬಳಸುವ ತಂತಿ, ಹುಟ್ಟಿನಿಂದಲೇ ಉಲ್ಟಾ. ಹೌದು ಅಂದರೆ ಇಲ್ಲ, ಇಲ್ಲ ಅಂದರೆ ಹೌದು. ಐವರಲ್ಲಿ ಅವನೊಬ್ಬನೇ ಹಾಗೆ. ಪೋರ್ಟಿನ ವಿವರಣೆಯ ಮೊದಲ ಪುಟದಲ್ಲೇ ಇದನ್ನು ಬರೆದಿರುತ್ತಾರೆ, ಎರಡನೇ ಪುಟದಿಂದ ಓದಲು ಶುರು ಮಾಡಿದವರಿಗೆ ಮಾತ್ರ ಗೊತ್ತಾಗುವುದಿಲ್ಲ.

ಅದು ಸರಿಹೋದ ರಾತ್ರಿ ಕಂಪ್ಯೂಟರು ಒಂದು ಸಮಯ ದಾಖಲಿಸಿತು: 0.008 ಸೆಕೆಂಡ್. ಕಾಲು ಮೈಲಿಗೆ!

"ಯಾವ ಕಾರು?" ಅಂದರು ಮಾವ.

ಕಾರುಗಳು ಎರಡೂ ಡಬ್ಬದಲ್ಲಿದ್ದವು. ಓಡಿದ್ದು ಟ್ಯೂಬ್‌ಲೈಟು. ಅಮೆರಿಕದ ಕರೆಂಟು ಸೆಕೆಂಡಿಗೆ 60 ಆವರ್ತ, ಟ್ಯೂಬ್‌ಲೈಟು ಅದರ ಎರಡರಷ್ಟು, 120 ಸಲ ಮಿಣುಕುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಮಿಣುಕು ಟ್ರಾನ್ಸಿಸ್ಟರಿಗೆ ಕಾಣುತ್ತದೆ. ಒಂದು ಕತ್ತಲಲ್ಲಿ ಕಾರು ಹೊರಟಿತು, ಮುಂದಿನ ಕತ್ತಲಲ್ಲಿ ಮುಟ್ಟಿತು. ಸೆಕೆಂಡಿನ 120ರಲ್ಲಿ ಒಂದು ಭಾಗ, 0.008. ಅಡ್ಡಿಯಿಲ್ಲದೆ ಓಡಿದ ಮೊದಲ ಸ್ಪರ್ಧಿ ಅದೇ. ಫರ್ನೇಸು ಚಾಲೂ ಆದಾಗ ಇನ್ನೊಂದು ದಾಖಲೆ ಬಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಟ್ಯೂಬ್‌ಲೈಟ್ ಆರಿಸಿ, ಹಳೇ ಕಾಲದ ತಂತಿ ಸುರುಳಿಯ ಬಲ್ಬ್ ಒಂದನ್ನು ಗೆರೆಯ ಮೇಲೆ ಒಂದಡಿ ಎತ್ತರದಲ್ಲಿ ತೂಗುಹಾಕಿದೆ. ಅದರ ಬೆಳಕು ಅಷ್ಟು ಮಿಣುಕುವುದಿಲ್ಲ. ಜೊತೆಗೆ ಅದು ಕಾರುವುದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ಡು. ಫೋಟೋ ಟ್ರಾನ್ಸಿಸ್ಟರಿಗೆ ಅದೆಂದರೆ ಪ್ರಾಣ. ಸಂಜೆ ಆರು ಓಟ ಓಡಿಸಿದೆವು, ಆರಕ್ಕೂ ನಂಬುವಂಥ ಸಮಯ ಬಂತು. ಪಕ್ಕದ ಮನೆಯವರನ್ನೂ ಕನ್ನಡ ಕೂಟದ ಎರಡು ಸಂಸಾರಗಳನ್ನೂ ಭಾನುವಾರ ಬೆಳಿಗ್ಗೆ ತಿಂಡಿಗೂ ಉದ್ಘಾಟನೆಗೂ ಕರೆದೆ.

ಭಾನುವಾರ ಬೆಳಿಗ್ಗೆ ಎದ್ದು ಕಂಪ್ಯೂಟರ್ ಹಾಕಿದರೆ, ಎರಡೂ ಲೇನಿನಲ್ಲಿ ಕಾರು ಮುಟ್ಟಿದೆ. ಇನ್ನೂ ಮುಟ್ಟುತ್ತಲೇ ಇದೆ. ಕಂಪ್ಯೂಟರ್ ಆರಿಸಿ ಹಾಕಿದೆ. ಮುಟ್ಟಿದೆ. ಪೋರ್ಟಿನ ಕೇಬಲ್ ಕಿತ್ತು ಸಿಕ್ಕಿಸಿದೆ. 11ನೇ ಪಿನ್ನಿಗೆ ಬೈದೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಾಯಿಸಿದೆ, ಅದನ್ನು ವಾಪಸು ಬದಲಾಯಿಸಿದೆ. ಮೀಟರ್ ತಂದು ಒಂದೊಂದೇ ತಂತಿಗೆ ವೋಲ್ಟೇಜ್ ನೋಡುತ್ತಾ ಕಂಪ್ಯೂಟರಿನ ಕಡೆಯಿಂದ ಗೆರೆಯ ಕಡೆಗೆ ಮಂಡಿಯೂರಿ ಹೋದೆ. ಗೆರೆಯ ಮೇಲೆ ನಮ್ಮ ಮನೆಯ ದೊಡ್ಡ ಸ್ಟೀಲ್ ಡಬರಿ ಕೂತಿತ್ತು. ಮೇಲೊಂದು ತಟ್ಟೆ, ಸುತ್ತ ಹೆಂಡತಿಯ ಶಾಲು.

ಮಿಷಿಗನ್ನಿನ ಚಳಿಯಲ್ಲಿ ದೋಸೆ ಹಿಟ್ಟು ಹುದುಗುವುದು ಸಣ್ಣ ಮಾತಲ್ಲ. ಇಲ್ಲಿನ ಕನ್ನಡದವರು ಓವನ್ನಿನ ದೀಪ ಉರಿಸಿ ಒಳಗಿಡುತ್ತಾರೆ. ಅತ್ತೆಯವರಿಗೆ ಓವನ್ ಮುಟ್ಟಲು ಹೆದರಿಕೆ. ಬೇಸ್‌ಮೆಂಟಿನಲ್ಲಿ ಅಳಿಯಂದ್ರು ಇಡೀ ರಾತ್ರಿ ಒಂದು ಬಲ್ಬ್ ಉರಿಸಿ ಬಿಟ್ಟಿರುವುದು ಅವರ ಕಣ್ಣಿಗೆ ಬಿದ್ದಿತ್ತು. "ನೀವೇ ಇಟ್ಟಿದ್ದು ಅಂದ್ಕೊಂಡೆ" ಅಂದರು. ತಟ್ಟೆ ತೆಗೆದರೆ ಹಿಟ್ಟು ಅಂಚಿನವರೆಗೆ ಉಬ್ಬಿ, ಗುಳ್ಳೆಗಳು ಒಡೆಯುತ್ತಾ ಕೂತಿದೆ. ಒಂದು ಎಳೆ ಅಂಚು ದಾಟಿ ಇಳಿದು ಎಡ ಲೇನಿನ ತೂತಿನೊಳಕ್ಕೂ ಹೋಗಿತ್ತು. ಟೂತ್‌ಪಿಕ್ಕಿನಿಂದ ಕೆದಕಿ, ಹತ್ತಿಯಲ್ಲಿ ಒರೆಸಿ, ಟ್ರಾನ್ಸಿಸ್ಟರಿನ ತಲೆ ಹೊರಗೆ ಕಾಣುವಂತೆ ಮಾಡಿದೆ. ಆ ಬೆಳಿಗ್ಗೆ ದಾವಣಗೆರೆ ಬೆಣ್ಣೆ ದೋಸೆ ಬಿದ್ದಂತೆ ಇಲ್ಲಿ ಯಾರ ಮನೆಯಲ್ಲೂ ಬಿದ್ದಿಲ್ಲ ಎಂದು ಕೂಟದವರು ಒಪ್ಪಿದರು. ನಾನು ಕಟ್ಟಿದ ಯಂತ್ರಕ್ಕೆ ಸಿಕ್ಕ ಮೊದಲ ಪ್ರಶಂಸೆ ಅದು.

ಉದ್ಘಾಟನಾ ಪಂದ್ಯ: ಎಡ ಲೇನಿನಲ್ಲಿ ಮಾವನವರು, ಬಲ ಲೇನಿನಲ್ಲಿ ಯಜಮಾನರು. ದೀಪಗಳ ಕಂಬವನ್ನು ಇಲ್ಲಿಯವರು ಕ್ರಿಸ್‌ಮಸ್ ಟ್ರೀ ಅನ್ನುತ್ತಾರೆ, 1963ರಿಂದ ಬಳಕೆಯಲ್ಲಿದೆ. ಅದಕ್ಕೂ ಮೊದಲು ಒಬ್ಬ ಮನುಷ್ಯ ಎರಡು ಕಾರಿನ ನಡುವೆ ನಿಂತು ಬಾವುಟ ಬೀಸಿ ಹಾರುತ್ತಿದ್ದ. ನನ್ನ ಕಂಬ ಐಸ್‌ಕ್ರೀಂ ಕಡ್ಡಿಯದು. ಮೂರು ಹಳದಿ ಎಲ್‌ಇಡಿಗಳು ಅರ್ಧರ್ಧ ಸೆಕೆಂಡಿಗೆ ಒಂದೊಂದಾಗಿ ಹತ್ತಿ, ಇನ್ನರ್ಧ ಸೆಕೆಂಡಿಗೆ ಹಸಿರು. ಅವಸರಪಟ್ಟವನಿಗೆ ಕೆಂಪು. ಮಾವನವರು ಬಾವುಟವೇ ಸರಿ ಎಂಬ ಪಕ್ಷ. ಸುರಕ್ಷತೆಯ ದೃಷ್ಟಿಯಿಂದ ಓಟವನ್ನು ಸ್ವಲ್ಪ ಗಿಡ್ಡ ಮಾಡೋಣವೇ ಎಂದು ನಾನು ಕೇಳಿದೆ. ದೊಡ್ಡ ಕಾರುಗಳಲ್ಲೂ ಅತಿವೇಗದ ಎರಡು ವರ್ಗಗಳಿಗೆ 2008ರಲ್ಲಿ 1000 ಅಡಿಗೆ ಇಳಿಸಿದ್ದಾರೆ, ನಮ್ಮ ಅಳತೆಗೆ ಅದು 15 ಅಡಿ ಏಳೂವರೆ ಅಂಗುಲ. ಯಜಮಾನರು ನನ್ನನ್ನು ನೋಡಿದ ನೋಟದಲ್ಲಿ ವುಡ್‌ವರ್ಡ್ ಅವೆನ್ಯೂ ಪೂರ್ತಿ ಇತ್ತು. ವಾಟರ್ ಹೀಟರಿನ ಮುಂದೆ ಎರಡು ದಿಂಬು ಇಟ್ಟು ಬಂದೆ.

ನಿಯಮ ವಿವರಿಸಬೇಕಿತ್ತು. "ಹಸಿರು ಹತ್ತಿದ ಮೇಲೆ ಕಾರು ಗೆರೆ ಬಿಡೋವರೆಗಿನ ಹೊತ್ತು ರಿಯಾಕ್ಷನ್. ಗೆರೆ ಬಿಟ್ಟಾಗಿನಿಂದ ಮುಟ್ಟೋವರೆಗಿನದು ಇ.ಟಿ. ಅದು ಓಟದ ಸಮಯ."

"ಅಂದ್ರೆ ಗನ್ ಹೊಡೆದ ಮೇಲೆ ಅಲ್ಲೇ ಕೂತು ಕಾಫಿ ಕುಡಿದು, ಆಮೇಲೆ ಎದ್ದು ಓಡಿದ್ರೆ?"

"ಇ.ಟಿ. ಏನೂ ಕೆಡೋದಿಲ್ಲ ಮಾವ. ಆದ್ರೆ ಸೋಲ್ತೀರಿ."

"ದಾಖಲೆ ಮಾಡಿ ಸೋಲಬಹುದು?"

"ಮಾಡಬಹುದು."

"ಮತ್ತೆ ಹಸಿರು ಬಿದ್ದ ಗಳಿಗೆಗೇ ಹೊರಟರೆ? ನಮ್ಮಲ್ಲಿ ಗನ್ ಆಗಿ 0.100 ಸೆಕೆಂಡ್ ಒಳಗೆ ಕದಲಿದ್ರೆ ಫೌಲು."

"ಇಲ್ಲಿ 0.000 ಅಂದ್ರೆ ಪರ್ಫೆಕ್ಟ್."

ಮಾವನವರು ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಇಂಥ ದೇಶದಲ್ಲಿ ಅದಕ್ಕೆ ಕೆಲಸವಿಲ್ಲ.

ಪಳಗಿದವರು ಮೂರನೇ ಹಳದಿ ಕಂಡ ಕೂಡಲೇ ಬಿಡುತ್ತಾರೆ. ಕೈ ಕದಲುವಷ್ಟರಲ್ಲಿ ಹಸಿರು ಆಗಿರುತ್ತದೆ. ಯಜಮಾನರು ಆ ವಿದ್ಯೆಯಲ್ಲಿ ಪಂಡಿತರು. ಮಾವನವರು ಹಸಿರು ಕಾಣದೆ ಒತ್ತುವುದು ಅಧರ್ಮ ಎಂದು ನಂಬಿದವರು. ಫಲಿತಾಂಶದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಯಜಮಾನರು ಮೂರನೆಯ ಬೆಣ್ಣೆ ದೋಸೆಯನ್ನು ಕೈಯಲ್ಲೇ ಹಿಡಿದು ತಿಂದು, ಬರೇ ಕಾಗದದಲ್ಲಿ ಒರೆಸಿಕೊಂಡು ಬಂದಿದ್ದರು. ಹಳದಿ, ಹಳದಿ, ಹಳದಿ. ಅವರ ಹೆಬ್ಬೆರಳು ಕಂಟ್ರೋಲರಿನ ಗುಂಡಿಯ ಮೇಲಿಂದ ನುಣ್ಣಗೆ ಜಾರಿ ಪಕ್ಕಕ್ಕೆ ಹೋಯಿತು.

ಪರದೆಯ ಮೇಲೆ ಬಂತು. ಮಾವನವರು: ರಿಯಾಕ್ಷನ್ 0.338, ಇ.ಟಿ. 1.533. ಯಜಮಾನರು: ರಿಯಾಕ್ಷನ್ 0.391, ಇ.ಟಿ. 1.482. ಕೂಡಿದರೆ 1.871 ಮತ್ತು 1.873. ಎರಡು ಮಿಲಿಸೆಕೆಂಡಿನಲ್ಲಿ ಮಾವನವರ ಗೆಲುವು! ನಾನು ಕೂಗಿದೆ, ಮಗಳು ಕುಣಿದಳು, ದಿಂಬು ತಪ್ಪಿಸಿಕೊಂಡ ಒಂದು ಕಾರು ವಾಟರ್ ಹೀಟರಿಗೆ ಟಣ್ಣೆಂದಿತು. ಯಾರು ಗೆದ್ದರೆಂದು ಮನುಷ್ಯನ ಕಣ್ಣು ಹೇಳಲಾಗದ ಕಡೆ ನನ್ನ ಯಂತ್ರ ಹೇಳಿತ್ತು.

ಮಾವನವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ನಿಧಾನ ಓಡಿದ ಕಾರು ಗೆದ್ದಿದೆ. ಟೇಪ್ ತನ್ನಿ."

ಅತ್ತೆಯವರ ಹೊಲಿಗೆ ಟೇಪು ಬಂತು. ಎರಡೂ ಲೇನನ್ನು ತೂತಿನಿಂದ ತೂತಿಗೆ ಅಳೆದರು. ಎರಡು ಸಲ ಅಳೆದರು. ಎಡ ಲೇನು ಅರ್ಧ ಅಂಗುಲ ಗಿಡ್ಡ. ಬೈರಿಗೆ ಜಾರಿದ್ದು ಅಲ್ಲಿ. ಸೆಕೆಂಡಿಗೆ 16 ಅಡಿ ವೇಗದಲ್ಲಿ ಅರ್ಧ ಅಂಗುಲಕ್ಕೆ 2.6 ಮಿಲಿಸೆಕೆಂಡ್. ಗೆಲುವು ಎರಡರದು. ಲೇನು ಸಮನಾಗಿದ್ದರೆ ಅವರು ಸೆಕೆಂಡಿನ ಹತ್ತು ಸಾವಿರದಲ್ಲಿ ಆರು ಭಾಗದಿಂದ ಸೋತಿರುತ್ತಿದ್ದರು. ಯಜಮಾನರು ಉದಾರವಾಗಿ, "ಹೋಗಲಿ ಬಿಡಿ, ನನ್ನ ಕೈಯೂ ಜಾರಿತಲ್ಲ" ಅಂದರು. ಮಗಳು ಅದನ್ನು ಕನ್ನಡದಲ್ಲಿ ಹೇಳಿದಳು. ಮಾವನವರು ತಲೆಯಾಡಿಸಿ ಮಹಡಿ ಹತ್ತಿದರು. ಊಟದ ಹೊತ್ತಿಗೆ ಒಂದು ಹಾಳೆ ನನ್ನ ತಟ್ಟೆಯ ಪಕ್ಕದಲ್ಲಿತ್ತು.

"ಇವರಿಗೆ, ಸಂಘಟಕರು, ಕಾರು ಓಟದ ಸ್ಪರ್ಧೆ, ಬೇಸ್‌ಮೆಂಟ್, ನೋವೈ. ಮಾನ್ಯರೇ, ವಿಷಯ: ನಾನು ಗೆದ್ದಿರುವುದರ ವಿರುದ್ಧ ಆಕ್ಷೇಪಣೆ. ಒಂದು, ಟ್ರ್ಯಾಕಿನ ಅಳತೆಯಲ್ಲಿ ಲೋಪವಿರುತ್ತದೆ. ಎರಡು, ಸ್ಪರ್ಧೆಗೆ ಮುನ್ನ ಎದುರಾಳಿಗೆ ಬೆಣ್ಣೆ ಬಡಿಸಿದ್ದು ನನ್ನ ಕುಟುಂಬದವರೇ ಆಗಿದ್ದು, ಇದು ನಿಷ್ಪಕ್ಷಪಾತಕ್ಕೆ ಧಕ್ಕೆ ತರುತ್ತದೆ. ಆದ್ದರಿಂದ ಲೇನು ಸರಿಪಡಿಸಿ, ಉಭಯ ಸ್ಪರ್ಧಿಗಳು ಸಾಬೂನಿನಲ್ಲಿ ಕೈ ತೊಳೆದ ಬಳಿಕ ಮರುಓಟ ನಡೆಸಬೇಕಾಗಿ ವಿನಂತಿ. ನಿಯಮಾನುಸಾರ ಆಕ್ಷೇಪಣಾ ಶುಲ್ಕ ಒಂದು ಡಾಲರ್ ಲಗತ್ತಿಸಿದೆ."

ಅರ್ಜಿ ನ್ಯಾಯವಾಗಿಯೇ ಇತ್ತು. ಎತ್ತಿಹಿಡಿದೆ. ಹೇಗೂ ರಸ್ತೆ ಬಿಚ್ಚಬೇಕು, ಆಗಲೇ ಬಲ್ಬನ್ನೂ ತೆಗೆದು ಅಲ್ಲೊಂದು ಇನ್‌ಫ್ರಾರೆಡ್ ಎಲ್‌ಇಡಿ ಹಾಕಿಬಿಡೋಣ, ಅದು ಬಿಸಿಯಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ, ಟ್ರಾನ್ಸಿಸ್ಟರಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಯಜಮಾನರು ಸಲಹೆ ಕೊಟ್ಟರು. ಒಪ್ಪಿ, ಆರ್ಡರ್ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿ ಮಲಗಿದೆ.

ಬೆಳಿಗ್ಗೆ ಕಂಪ್ಯೂಟರಿನ ಕೀಬೋರ್ಡ್ ಮೇಲೆ ಇನ್ನೊಂದು ಹಾಳೆ. ಮಾವನವರದೇ ಅಕ್ಷರ, ಕೆಳಗೆ ಸಹಿ ಅತ್ತೆಯವರದು. "ವಿಷಯ: ಬಲ್ಬ್ ತೆಗೆಯುವುದರ ವಿರುದ್ಧ ಆಕ್ಷೇಪಣೆ. ಸದರಿ ಬಲ್ಬಿನ ಬಿಸಿಗೆ ಹಿಟ್ಟು ಎಂಟು ಗಂಟೆಯಲ್ಲಿ ಹುದುಗುತ್ತಿದ್ದು, ಬದಲಿ ವ್ಯವಸ್ಥೆ ಆಗುವವರೆಗೆ ಯಥಾಸ್ಥಿತಿ ಕಾಯ್ದುಕೊಳ್ಳಬೇಕಾಗಿ ವಿನಂತಿ. ಅರ್ಜಿದಾರರ ಬಳಿ ಡಾಲರ್ ಇಲ್ಲದ ಕಾರಣ, ಶುಲ್ಕದ ಬಾಬ್ತು ಎರಡು ದೋಸೆ ಲಗತ್ತಿಸಿದೆ."